ಅಣ್ಣನ ಕೋವಿಗೆ ಇಟ್ಟ ಗರಗಸ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ನನಗಿಂತ ನೆಟ್ಟಗೆ ಕೂರಬಲ್ಲ ಅತಿಥಿಗಳೇ, ಈ ಶೂಟಿಂಗ್ ಕ್ಲಬ್ಬಿನ ಸದಸ್ಯರೇ, ಅವರ ಜೊತೆ ಬಂದು ಊಟದ ಹೊತ್ತಿಗೆ ಕಾಯುತ್ತಿರುವ ಮನೆಯವರೇ, ಎಲ್ಲ ಸಭಿಕರೇ,

ನಾನು ಕೋವಿ ರಿಪೇರಿ ಮಾಡುವವನು. ನಲವತ್ತೆರಡು ವರ್ಷದಿಂದ ಅದೇ ಅಂಗಡಿ, ಅದೇ ಸ್ಟೂಲು, ಅದೇ ಅರಗಳು. ಮೈಕಿನ ಮುಂದೆ ನಿಲ್ಲುತ್ತಿರುವುದು ಇದೇ ಮೊದಲು. ಕಾರ್ಯದರ್ಶಿಗಳು ಐದು ನಿಮಿಷ ಅಂದಿದ್ದಾರೆ. ಮೀರಿದರೆ ಕೈ ತೋರಿಸಿ, ನಿಲ್ಲಿಸುತ್ತೇನೆ.

ಹಳೇ ಕೋವಿಯೊಂದನ್ನು ಸ್ಪರ್ಧೆಗೆ ಹೊಂದಿಸಿಕೊಟ್ಟದ್ದಕ್ಕೆ ನನಗೆ ಈ ಸನ್ಮಾನವಂತೆ. ಅಧ್ಯಕ್ಷರು ಈಗಷ್ಟೇ ಹೇಳಿದರು: ತಮ್ಮನಾದವನು ಅಣ್ಣನ ಆಸೆಯನ್ನು ಈಡೇರಿಸಿದ್ದಾನೆ ಅಂತ. ನೀವು ಚಪ್ಪಾಳೆ ತಟ್ಟಿದಿರಿ. ನಾನೂ ಸುಮ್ಮನೆ ತಟ್ಟಿದೆ. ಆದರೆ ಸ್ವಾಮಿ, ಅಣ್ಣನ ಆಸೆ ಏನಾಗಿತ್ತು ಅನ್ನುವುದು ನನಗೆ ಇವತ್ತಿನವರೆಗೆ ಗೊತ್ತಾಗಿಲ್ಲ. ಅಣ್ಣ ಇಲ್ಲೇ ಮುಂದಿನ ಸಾಲಿನಲ್ಲಿ, ಅತ್ತಿಗೆಯ ಪಕ್ಕದಲ್ಲಿ ಕೂತಿದ್ದಾನೆ. ಅವನ ಎದುರೇ ಹೇಳುತ್ತೇನೆ. ತಪ್ಪಿದ್ದರೆ ಅವನು ತಿದ್ದಲಾರ. ನನ್ನ ಕಷ್ಟವೇ ಅದು.

ಕೋವಿಯ ಮಾತು ಮೊದಲು. ಅದು ನಮ್ಮಪ್ಪನ ಜೋಡಿ ನಳಿಗೆಯ ಕೋವಿ. ಹೊಲಗಳ ನಡುವೆ ಹಕ್ಕಿ ಹೊಡೆಯುವುದಕ್ಕೆ ಅಂತ ಮಾಡಿದ್ದು. ದಿನವಿಡೀ ಹೆಗಲ ಮೇಲೆ ಹೊತ್ತು ತಿರುಗಬೇಕಲ್ಲ, ಅದಕ್ಕೇ ಹಗುರ. ಅಪ್ಪ ಅದನ್ನು ಅಣ್ಣನಿಗೆ ಕೊಟ್ಟರು. ನನಗೆ ಕೈಗಡಿಯಾರ ಕೊಟ್ಟರು. ಗಡಿಯಾರವೂ ಒಳ್ಳೆಯದೇ, ಬೇಜಾರಿಲ್ಲ.

ನನಗೆ ಹದಿನಾರಾಗಿದ್ದಾಗ ಅಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿ ಆ ಕೋವಿ ಎತ್ತಿಕೊಂಡು ಹೊರಗೆ ಹೋದೆ. ಕಾಲುವೆ ದಾಟುವಾಗ ಜಾರಿದೆ. ನನಗೇನೂ ಆಗಲಿಲ್ಲ, ಕೋವಿಯ ಮರ ಕೈ ಹಿಡಿಯುವ ಜಾಗದಲ್ಲಿ ಸೀಳಿತು. ಅಣ್ಣ ಹೊಡೆಯಲಿಲ್ಲ, ಬಯ್ಯಲಿಲ್ಲ. ಸೀಳಿಗೆ ಅಂಟು ಹಾಕಿ, ಮೇಲೆ ತಾಮ್ರದ ತಂತಿ ಸುತ್ತಿದ. ಅಷ್ಟೇ. ಮುಂದೆ ನಾನು ಇದೇ ಕಸುಬು ಕಲಿತೆ, ಅಂಗಡಿ ಹಾಕಿದೆ, ಎಲ್ಲೆಲ್ಲಿಂದಲೋ ಜನ ಕೋವಿ ಹಿಡಿದು ಬಂದರು. ಅಣ್ಣ ಮಾತ್ರ ಬರಲಿಲ್ಲ. ತನ್ನ ಕೋವಿಯಲ್ಲಿ ಬೆರಳಿಂದ ಎಳೆಯುವ ಕುದುರೆ ಸಡಿಲವಾದರೂ ಎರಡು ಬೀದಿ ಆಚೆಯ ಇನ್ನೊಬ್ಬರ ಹತ್ತಿರ ಒಯ್ಯುತ್ತಿದ್ದ. ಹೋಗುವಾಗ ನಮ್ಮ ಅಂಗಡಿ ಮುಂದೆಯೇ ಹೋಗುತ್ತಿದ್ದ. ಊಟ ಆಯ್ತಾ ಅಂತ ಕೇಳಿಯೂ ಹೋಗುತ್ತಿದ್ದ.

ಇದನ್ನೆಲ್ಲ ಯಾಕೆ ಹೇಳಿದೆ? ಇರಲಿ, ವಿಷಯಕ್ಕೆ ಬರುತ್ತೇನೆ.

ಬೇಟೆ ನಿಂತು ಎಷ್ಟೋ ವರ್ಷವಾಯಿತು. ಕೋವಿ ಬೀರುವಿನಲ್ಲಿತ್ತು. ಕಳೆದ ವರ್ಷ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಕಾಲು ಬಂತು, ಬಲಗೈ ಮುಕ್ಕಾಲು ಬಂತು, ಮಾತು ಬರಲಿಲ್ಲ. ಬಂದದ್ದು ಒಂದೇ ಪದ, 'ಬೇಡ'. ಚಹಾ ಕೊಟ್ಟರೆ ಬೇಡ ಅನ್ನುತ್ತಾನೆ, ಲೋಟಕ್ಕೆ ಕೈ ಚಾಚುತ್ತಾನೆ. ಕಿಟಕಿ ಮುಚ್ಚಲಾ ಅಂದರೆ ಬೇಡ, ತೆಗೆಯಲಾ ಅಂದರೂ ಬೇಡ. ಎಂಟು ತಿಂಗಳು ಹೊಸ್ತಿಲು ದಾಟಲಿಲ್ಲ. ದಿನಾ ಬೆಳಿಗ್ಗೆ ಕೋವಿ ತೆಗೆದು ಎಣ್ಣೆ ಒರೆಸಿ ಇಡುತ್ತಿದ್ದ. ಅದೊಂದೇ ಕೆಲಸ.

ಅವನ ಮಗಳು ಹೈಸ್ಕೂಲಿನಲ್ಲಿ ಲೆಕ್ಕದ ಮೇಡಮ್ಮು, ನಿಮಗೆಲ್ಲ ಗೊತ್ತಿರುವವಳೇ. ಅಪ್ಪನನ್ನು ಹೇಗಾದರೂ ಮನೆಯಿಂದ ಹೊರಗೆ ತರಬೇಕು ಅಂತ ಅವಳು ಒಂದು ಉಪಾಯ ಮಾಡಿದಳು. ಲೈಸೆನ್ಸಿನಲ್ಲಿ ಅವಳ ಹೆಸರೂ ಇತ್ತು. ಕೋವಿ ಎತ್ತಿಕೊಂಡು ನಿಮ್ಮ ಕ್ಲಬ್ಬಿಗೆ ಸೇರಿಕೊಂಡಳು. ಕೋವಿ ಹೊರಟದ್ದು ನೋಡಿ ಅಣ್ಣ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟ. ಅವತ್ತಿನಿಂದ ಪ್ರತಿ ಭಾನುವಾರ ಬಂದು ಆ ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾನೆ.

ಆದರೆ ಅವಳಿಗೆ ಗುರಿ ಸಿಗಲಿಲ್ಲ. ಯಂತ್ರ ಇಪ್ಪತ್ತೈದು ಮಣ್ಣಿನ ಬಿಲ್ಲೆ ಹಾರಿಸಿದರೆ ಒಡೆಯುವುದು ಎಂಟೋ ಒಂಬತ್ತೋ. ನಿಮ್ಮ ಕೋಚ್ ಅವರು, ಕೋವಿ ಸರಿಯಿಲ್ಲ, ಬೇರೆ ತಗೊಳ್ಳಿ ಅಂದರಂತೆ. ಬೇರೆ ಕೋವಿ ತಂದರೆ ಅಪ್ಪ ಹಿಂದೆ ಬರುತ್ತಾರಾ? ಅವಳು ನೋಟ್‌ಬುಕ್ ಹಿಡಿದು ನನ್ನ ಅಂಗಡಿಗೆ ಬಂದಳು. ತಪ್ಪಿದ್ದೆಲ್ಲ ಬರೆದಿಟ್ಟಿದ್ದಳು. ಕೆಳಗೆ, ಕೆಳಗೆ, ಕೆಳಗೆ, ಎಡಕ್ಕೆ, ಕೆಳಗೆ.

ನೋಡಿದ ತಕ್ಷಣ ಗೊತ್ತಾಯಿತು. ಹೊಲದ ಕೋವಿ ನೇರಕ್ಕೆ ಹೊಡೆಯುತ್ತದೆ. ಹಕ್ಕಿ ಅಡ್ಡ ಹಾರಲಿ, ಉದ್ದ ಹಾರಲಿ, ಅದಕ್ಕೆ ಅದು ಸರಿ. ಟ್ರ್ಯಾಪ್ ಶೂಟಿಂಗಿನ ಬಿಲ್ಲೆ ಯಾವಾಗಲೂ ಮುಂದಕ್ಕೆ ಹೋಗುತ್ತ ಮೇಲಕ್ಕೆ ಏರುತ್ತದೆ. ಚರೆಯ ಸಣ್ಣ ಗುಂಡುಗಳು ತಲುಪುವ ಹೊತ್ತಿಗೆ ಅದು ಒಂದು ಗೇಣು ಮೇಲಿರುತ್ತದೆ. ಅದಕ್ಕೇ ಕೋವಿ ಸ್ವಲ್ಪ ಮೇಲಕ್ಕೆ ಹೊಡೆಯಬೇಕು. ಹೇಗೆ? ಕೆನ್ನೆ ಊರುವ ಮರವನ್ನು ಎತ್ತರಿಸಬೇಕು. ಕೆನ್ನೆ ಏರಿದರೆ ಕಣ್ಣು ಏರುತ್ತದೆ, ಕಣ್ಣು ಏರಿದರೆ ಗುಂಡು ಏರುತ್ತದೆ.

ಮೊದಲು ಮರದ ಮೇಲೆ ದಪ್ಪ ಫೆಲ್ಟ್ ಇಟ್ಟು ಟೇಪು ಸುತ್ತಿಕೊಟ್ಟೆ. ಆ ಭಾನುವಾರ ಹದಿನೇಳು ಒಡೆದಳು. ಮುಂದಿನ ಭಾನುವಾರ ಟೇಪು ಜಾರಿತು, ಕೆನ್ನೆ ಊದಿತು. ಹಗುರ ಕೋವಿ ಜೋರಾಗಿ ಒದೆಯುತ್ತದೆ ನೋಡಿ, ನೂರು ತೋಟಾ ಹೊಡೆಯುವಷ್ಟರಲ್ಲಿ ಭುಜ ಕಪ್ಪಿಟ್ಟಿತು. ಅತ್ತಿಗೆ ಫೋನ್ ಮಾಡಿ, ಮಗುವಿನ ಮುಖ ಏನು ಮಾಡಿಟ್ಟಿದ್ದೀರಿ ಅಂದರು. ಮಗುವಿಗೆ ಮೂವತ್ತೊಂದು ವರ್ಷ.

ಸರಿಯಾಗಿ ಮಾಡಬೇಕಾದರೆ ಒಂದೇ ದಾರಿ. ಮರದ ಮೇಲ್ಭಾಗವನ್ನು ಗರಗಸದಲ್ಲಿ ಕೊಯ್ದು, ಎರಡು ಕಂಬಿಗಳ ಮೇಲೆ ಕೂರಿಸಿ, ಏರಿಸಿ ಇಳಿಸುವಂತೆ ಮಾಡಬೇಕು. ಹಿಂಬದಿಗೆ ದಪ್ಪ ರಬ್ಬರು ಹಾಕಬೇಕು. ಮರದ ಹೊಟ್ಟೆ ಕೊರೆದು ಸೀಸ ತುಂಬಿ ಭಾರ ಮಾಡಬೇಕು. ಒಮ್ಮೆ ಕೊಯ್ದರೆ ಹಿಂದಿನಂತೆ ಮಾಡಲು ಬರುವುದಿಲ್ಲ. ಅಣ್ಣನನ್ನು ಕೇಳದೆ ಮುಟ್ಟುವ ಹಾಗಿರಲಿಲ್ಲ. ಒಂದು ಸಲ ಕೇಳದೆ ಮುಟ್ಟಿದ್ದು ಸಾಕಾಗಿತ್ತು.

ಹೋದೆ. ಅವನ ಎದುರು ಕೂತು ಎಲ್ಲ ವಿವರಿಸಿದೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಆಮೇಲೆ ಕೇಳಿದೆ.

"ಅಣ್ಣಾ, ಮರ ಕೊಯ್ಯಲಾ?"

"ಬೇಡ."

"ಹಾಗಾದ್ರೆ ಇದ್ದ ಹಾಗೇ ಬಿಡಲಾ?"

"ಬೇಡ."

ಅತ್ತಿಗೆ, ಅವರ ಬೇಡ ಅಂದರೆ ಬೇಕು ಅಂತಲೇ, ಮಾಡಿ ಅಂದರು. ಮಗಳು, ಅಪ್ಪನ ಬೇಡ ಕೆಲವು ಸಲ ನಿಜವಾಗಿ ಬೇಡಾನೇ ಚಿಕ್ಕಪ್ಪ ಅಂದಳು. ನಾನು ಅವನ ಮುಖವನ್ನೇ ನೋಡಿದೆ. ಅವನು ನನ್ನ ಕೈ ಹಿಡಿದ. ಹಿಡಿದು, ಕೋವಿಯ ಆ ತಾಮ್ರದ ತಂತಿಯ ಮೇಲೆ ಇಟ್ಟ. ಒತ್ತಿ ಹಿಡಿದ.

ಸಭಿಕರೇ, ಇದಕ್ಕೆ ಏನರ್ಥ ಹೇಳಿ. ಒಮ್ಮೆ ಮುರಿದವನು ನೀನು, ಇನ್ನು ಮುಟ್ಟಬೇಡ ಅಂತಲೋ? ಮುರಿದವನು ನೀನೇ, ನೀನೇ ಸರಿಮಾಡು ಅಂತಲೋ? ಎರಡಕ್ಕೂ ಅದೇ ಕೈ, ಅದೇ ತಂತಿ. ನಾನು ಸರಿಮಾಡು ಅಂತ ತಿಳಿದುಕೊಂಡೆ. ತಿಳಿದುಕೊಂಡೆನೋ, ಹಾಗೆ ತಿಳಿಯುವುದು ನನಗೆ ಅನುಕೂಲವಾಗಿತ್ತೋ, ಬಿಡಿಸಿ ಹೇಳಲು ನನ್ನಿಂದಾಗದು.

ಕೋವಿ ಅಂಗಡಿಗೆ ತಂದೆ. ನಾಲ್ಕು ದಿನ ಬಟ್ಟೆ ಹೊದಿಸಿ ಸುಮ್ಮನೆ ಇಟ್ಟಿದ್ದೆ. ಐದನೇ ದಿನ ತಂತಿ ಬಿಚ್ಚಿದೆ. ಒಳಗೆ ಸೀಳು ಎಲ್ಲಿದೆ ಅಂತ ಕನ್ನಡಕ ಹಾಕಿ ಹುಡುಕಬೇಕಾಯಿತು. ಅಷ್ಟು ಚೆನ್ನಾಗಿ ಅಂಟಿಸಿದ್ದ. ಬಗ್ಗಿಸಿ ನೋಡಿದೆ, ತಿರುಚಿ ನೋಡಿದೆ, ಕಲ್ಲಿನ ಹಾಗೆ ಗಟ್ಟಿ. ತಂತಿಯ ಅಗತ್ಯವೇ ಇರಲಿಲ್ಲ. ಹಾಗಾದರೆ ನಲವತ್ತಾರು ವರ್ಷ ಅದು ಯಾಕಿತ್ತು? ಪಾಪ, ಅಂಟಿನ ಮೇಲೆ ನಂಬಿಕೆ ಇರಲಿಲ್ಲವೋ ಏನೋ. ಅಥವಾ ನನಗೆ ಕಾಣಲಿ ಅಂತ ಬಿಟ್ಟಿದ್ದನೋ. ನಾನು ತಂತಿಯನ್ನು ಮತ್ತೆ ಸುತ್ತಿದೆ. ಮತ್ತೆ ಬಿಚ್ಚಿದೆ. ಹುಡುಗಿಯ ಕೈಗೆ ಒತ್ತುತ್ತದೆ ಅಂತ ನನಗೆ ನಾನೇ ಹೇಳಿಕೊಂಡು ಡಬ್ಬಿಗೆ ಹಾಕಿದೆ.

ಆಮೇಲೆ ಗರಗಸ ಇಟ್ಟೆ. ಒಂದು ಮಾತು ಹೇಳಿಬಿಡುತ್ತೇನೆ, ಇಂಥ ಸಭೆಯಲ್ಲಿ ಹೇಳಬಾರದೇನೋ. ಗರಗಸ ಮರದೊಳಗೆ ಇಳಿದಾಗ ನನಗೆ ಸಂತೋಷವಾಯಿತು. ಕೆಲಸ ಚೆನ್ನಾಗಿ ಆಗುತ್ತಿದೆ ಅನ್ನುವ ಸಂತೋಷವಲ್ಲ, ಅದು ನನಗೆ ಗೊತ್ತು, ದಿನಾ ಆಗುತ್ತದೆ. ಇದು ಬೇರೆ. ಕೊನೆಗೂ ಇದು ನನ್ನ ಕೈಗೆ ಬಂತು ಅನ್ನುವಂಥದ್ದು. ಅರ್ಧಕ್ಕೆ ನಿಲ್ಲಿಸಿ ಹೊರಗೆ ಬಂದು ನಿಂತೆ. ಅರ್ಧ ಕೊಯ್ದದ್ದನ್ನು ಬಿಡುವ ಹಾಗಿರಲಿಲ್ಲ. ಒಳಗೆ ಹೋಗಿ ಮುಗಿಸಿದೆ. ಹಾಗಾದರೆ ಮಗಳಿಗಾಗಿ ಮಾಡಿದೆನಾ, ಅಣ್ಣನಿಗಾಗಿಯಾ, ನನಗಾಗಿಯಾ? ಕೇಳಿಕೊಂಡಷ್ಟೂ ಗೋಜಲಾಗುತ್ತದೆ.

ಕೆಲಸ ಮಾತ್ರ ಸರಿಯಾಯಿತು. ಮೂವತ್ತೈದು ಹೆಜ್ಜೆ ದೂರದಲ್ಲಿ ದೊಡ್ಡ ಕಾಗದ ಕಟ್ಟಿ, ನಡುವೆ ಒಂದು ಚುಕ್ಕೆ ಇಟ್ಟು ಹೊಡೆಸಿದೆವು. ಚರೆ ಬಿದ್ದ ತೂತುಗಳಲ್ಲಿ ಮೂರರಲ್ಲಿ ಎರಡು ಪಾಲು ಚುಕ್ಕೆಗಿಂತ ಮೇಲಕ್ಕೆ, ಬೇಕಾದ ಹಾಗೆಯೇ. ಎಡಗಡೆಯ ನಳಿಗೆಯ ಬಾಯಿ ಬಿಗಿ, ಚರೆ ದೂರದವರೆಗೂ ಚದುರದೆ ಹೋಗುತ್ತದೆ, ಅದನ್ನೇ ಬಳಸು, ಅದರ ಕುದುರೆ ಎರಡರಲ್ಲಿ ಹಿಂದಿನದು, ಅದನ್ನೇ ಎಳೆ ಅಂದೆ. ಒಂದು ವಾರ ಮುಂದಿನದನ್ನೇ ಎಳೆದಳು. ಲೆಕ್ಕದ ಮೇಡಮ್ಮಿಗೆ ಒಂದು ಎರಡು ಕಲಿಸಬೇಕಾಯಿತು.

ಕಳೆದ ತಿಂಗಳ ಸ್ಪರ್ಧೆಯಲ್ಲಿ ನೂರಕ್ಕೆ ಎಂಬತ್ತೆಂಟು ಒಡೆದು ಅವಳು ಮೂರನೆಯವಳಾದದ್ದು ನೀವೇ ನೋಡಿದ್ದೀರಿ. ಆಮೇಲೆ ನಡೆದದ್ದನ್ನು ನಾವು ಮನೆಯವರು ಮಾತ್ರ ನೋಡಿದೆವು. ನೀವೆಲ್ಲ ಬಹುಮಾನದ ಕಡೆ ಹೋಗಿದ್ದಿರಿ. ಅಣ್ಣ ಕುರ್ಚಿಯಿಂದ ಎದ್ದು ಕೋವಿಗೆ ಕೈ ಚಾಚಿದ. ಅವಳು ತೋಟಾ ಇಲ್ಲ ಅಂತ ತೆರೆದು ತೋರಿಸಿ ಕೊಟ್ಟಳು. ಅವನು ಭುಜಕ್ಕೆ ಏರಿಸಿದ. ಐವತ್ತು ವರ್ಷ ಕೆನ್ನೆ ಊರಿದ ಜಾಗದಲ್ಲಿ ಮರ ಇರಲಿಲ್ಲ, ಅದಕ್ಕಿಂತ ಮೇಲಿತ್ತು. ದವಡೆಗೆ ತಾಗಿತು. ಇಳಿಸಿದ. ಮತ್ತೆ ಏರಿಸಿದ. ಮೂರು ಸಲ. ಆಮೇಲೆ ನನ್ನ ಕಡೆ ನೋಡಿದ. ಸಿಟ್ಟಿನ ಮುಖವಲ್ಲ. ಸ್ವಂತ ಮನೆಯ ಬಾಗಿಲ ಮುಂದೆ ನಿಂತು ಇದು ನಮ್ಮದೇನಾ ಅಂತ ನೋಡುವವರ ಮುಖ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಂಬಿ ಇಳಿಸಿದರೆ ನಿನಗೂ ಸರಿಹೋಗುತ್ತೆ ಅಣ್ಣಾ ಅಂತ ಹೇಳಬೇಕಿತ್ತು. ಒಂದು ಸ್ಕ್ರೂ ತಿರುಗಿಸುವ ಕೆಲಸ, ಜೇಬಿನಲ್ಲೇ ಚಾವಿಯಿತ್ತು. ತೆಗೆಯಲಿಲ್ಲ.

ಅವನು ಕೋವಿಯನ್ನು ಮಗಳ ಕೈಗೆ ಕೊಟ್ಟ. ಏರಿಸು ಅಂತ ಗಲ್ಲ ಎತ್ತಿ ತೋರಿಸಿದ. ಅವಳು ಏರಿಸಿದಳು. ಸುತ್ತ ಒಂದು ಬಾರಿ ನಡೆದು ನೋಡಿದ. ಆಮೇಲೆ, ಸರಿಯಾಗಿ ಬಾರದ ಆ ಬಲಗೈಯಿಂದಲೇ, ಅವಳ ಬಲಮೊಣಕೈಯನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತಿದ. ಹಿಂದೆ ಸರಿದು ಕುರ್ಚಿಯಲ್ಲಿ ಕೂತ.

ಮೊಣಕೈ ಮೊದಲು ಇದ್ದದ್ದೇ ಸರಿಯಾಗಿತ್ತು ಚಿಕ್ಕಪ್ಪ ಅಂತ ಅವಳು ಆಮೇಲೆ ನನ್ನ ಹತ್ತಿರ ಹೇಳಿದಳು. ಎತ್ತಿದರೆ ಗುರಿ ಸ್ವಲ್ಪ ತಪ್ಪುತ್ತದಂತೆ. ಆದರೂ ಈಗ ಎತ್ತಿಯೇ ಹೊಡೆಯುತ್ತಾಳೆ.

ಕಾರ್ಯದರ್ಶಿಗಳು ಕೈ ತೋರಿಸಿ ತುಂಬ ಹೊತ್ತಾಯಿತು. ಕರೆದವರಿಗೆ, ಕೇಳಿದವರಿಗೆ, ಎದ್ದು ಹೋಗದೆ ಕೂತ ನನ್ನ ಅಣ್ಣನಿಗೆ ಋಣಿ. ಎಲ್ಲರಿಗೂ ನನ್ನ ನಮಸ್ಕಾರ.