ಮಡಿಯಾಗಿದ್ದೆ

ಫೋನ್ ಬಂದ್ರ ನಾ ಏನು ಮಾಡ್ಲಿ, ವಾಣಿ? ಮಡಿಯಾಗಿದ್ದೆ. ನಿಮ್ಮವ್ವನ ಶ್ರಾದ್ಧ ನಡದಿತ್ತು. ಮೈಮ್ಯಾಲೆ ಒದ್ದಿ ಪಂಜಿ, ಬೆರಳಿಗೆ ದರ್ಭಿ. ಮಡಿಯಾಗ ಫೋನ್ ಮುಟ್ತಾರೇನು? ಇದೇ ಮನಿಯಾಗ ಬೆಳದ ಮಗಳು ನೀ. ನಿನಗೂ ಇದನ್ನ ಹೇಳ್ಬೇಕೇನು?

ಒಳಗ ಬಾ. ಹೊಸ್ತಿಲ ಹೊರಗ ಯಾಕ ನಿಂತಿ? ಎಲ್ಲಾ ಮುಗದದ. ಬ್ರಾಹ್ಮಣರು ಉಂಡು ಹೋದ್ರು. ಈಗ ಯಾರು ಯಾರನ್ನ ಮುಟ್ಟಿದ್ರೂ ನಡೀತದ.

ಬ್ಯಾಡಾ... ಸರಿ. ನಿಂತೇ ಹೇಳು.

ಹೇಳಂಗಿಲ್ಲ. ಹ್ಞೂಂ.

ನೀರು? ಬಳ್ಳಾರಿಯಿಂದ ಈ ಬಿಸಿಲಾಗ ಬಸ್ಸಿನಾಗ ಬಂದಿ... ಬರೇ ತಲಿ ಆಡಿಸಬ್ಯಾಡ, ಬಾಯಿಲೆ ಏನಾರ ಅನ್ನು.

ನಿನ್ನ ಮೆಸೇಜ್ ಈಗ ಓದಿದೆ. ಊಟ ಎಲ್ಲಾ ಆದ ಮ್ಯಾಲೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದೆ. ರೈಲ್ವೆ ಸ್ಟೇಷನ್ನಾಗ ತಪಾಸಣಿ ಇತ್ತು. ನಿನ್ನ ಗಂಡ ಪಾಸ್‌ಪೋರ್ಟ್ ತೋರಿಸ್ದ. ಶ್ರೀಲಂಕಾದಾಂವ ಅಂತ ಗೊತ್ತಾಗಿ, ಎಲ್ಲಿ ಉಳಕೊಂಡಿದ್ದಿ ಅಂತ ಕೇಳಿದ್ರು. ಸಿರುಗುಪ್ಪದಾಗ ಮಾವನ ಮನಿಯಾಗ ಅಂದ. ಆ ಮನಿಯಿಂದ ಪೊಲೀಸರಿಗೆ ಏನೂ ತಿಳಿಸಿಲ್ಲ ಅಂತ ಹಿಡದು ಕೂಡಿಸ್ಯಾರ. ರೈಲು ಹೋತು. ವೀಸಾ ರದ್ದಾದ್ರ ಅವನ ದೇಶಕ್ಕ ಕಳಿಸ್ತಾರ, ಮತ್ತ ಬರ್ಲಿಕ್ಕೆ ಬಿಡ್ತಾರೋ ಇಲ್ಲೋ ಅಂತ ಬರದಿ... ಅಲ್ಲ, ಮದ್ರಾಸಿಗೆ ಹೋಗೋ ರೈಲಿಗೂ ಪಾಸ್‌ಪೋರ್ಟ್ ಕೇಳ್ತಾರ? ಆ ರೈಲೇನು ಸಮುದ್ರ ದಾಟ್ತದೇನು?

ನಗಿಸ್ಲಿಕ್ಕೆ ಅಂದದ್ದಲ್ಲ. ಬಿಡು.

ತಿಳಿಸ್ಬೇಕಾಗಿದ್ದಾಂವ ನಾನೇ. ಒಪ್ಪಿದೆ. ಬಂದ ದಿನಾನೇ ನಿರೋಷನ್ ಹೇಳಿದ್ದ, ಪರದೇಶದವ್ರನ್ನ ಇಟ್ಟುಕೊಂಡ ಮನಿಯವ್ರು ತಿಳಿಸ್ಬೇಕು ಅಂತ. ಮುರುಕು ಕನ್ನಡದಾಗ, ಕೈ ಕಟ್ಟಿ ನಿಂತು. ಆತು, ಮಾಡ್ತೀನಿ ಅಂದೆ. ಮಾಡ್ಲಿಲ್ಲ. ಠಾಣಾದಾಗಿನ ರಾಮಪ್ಪ ನಮ್ಮ ಓಣಿಯಾಂವ. ಅವಂಗ ಹೇಳಿದ್ರ ಓಣಿಗೇ ಹೇಳಿದಂಗ. ಇದೊಂದು ತಪ್ಪು ನಂದು. ಇಲ್ಲನ್ನಂಗಿಲ್ಲ.

ಮೆಲ್ಲಕ... ಅಲ್ಲ, ನೀ ಏನೂ ಅಂದಿಲ್ಲ. ನಾನೇ ಜೋರು ಮಾತಾಡ್ಲಿಕ್ಕತ್ತೀನಿ. ವಿಜಯಾಬಾಯಿ ಒಳಗ ಇದ್ದಾಳ. ನಿಮ್ಮ ಕಾಕೂನ ಕಿವಿ ನಿನಗ ಗೊತ್ತದ.

ಹೌದು, ಆಕಿಗೂ ಸುಳ್ಳು ಹೇಳೀನಿ. ಎಲ್ಲರಿಗೂ ಹೇಳೀನಿ. ಅಳಿಯ ಕುಂಭಕೋಣದ ಕಡೆಯಾಂವ, ಮಾಧ್ವರು, ನಮ್ಮವರೇ ಅಂತ. ಯಾಕ ನಗ್ತಿ? ನಾಲ್ಕು ದಿನ ನಡೀತಲ್ಲ? ನೋಡ್ಲಿಕ್ಕೆ ನಮ್ಮ ಹುಡುಗರಂಗೇ ಇದ್ದಾನ. ಸಾರು ಅನ್ನ ನನಗಿಂತ ಚಂದ ಕಲಸ್ತಾನ. ತಮಿಳು ಸೀಮಿಯಾಗ ಬೆಳದ್ರೂ ಎಷ್ಟು ನೇಮ ಹುಡುಗಂದು ಅಂತ ಕಾಕೂನೇ ಅಂದ್ಲು. ನೀನೂ ಅವತ್ತು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಿದ್ದಿ.

ಆದ್ರ ಶ್ರಾದ್ಧದ ಊಟಕ್ಕ ಅಂಗಿ ಬಿಚ್ಚಿ ಕೂಡ್ಬೇಕು. ಬಿಚ್ಚಿದ್ರ ಜನಿವಾರ ಎಲ್ಲಿ ತೋರಿಸ್ತಾನ? ಅದಕ್ಕ ಮುಂಜಾನೆ ಬಸ್ಸಿಗೇ ಹೋಗಿಬಿಡ್ರಿ ಅಂದೆ. ನಿಮ್ಮವ್ವನ ಶ್ರಾದ್ಧದ ದಿನ, ನಿನ್ನನ್ನೇ ಹೋಗು ಅಂದೆ. ಕುರುಗೋಡಿನ ವೇದವ್ಯಾಸಾಚಾರ್ರು ಎಲಿ ಮುಂದಿಂದ ಎದ್ದು ಹೋದ್ರ ಏನು ಗತಿ? ನಿಮ್ಮವ್ವ ಉಪವಾಸ ಹೋಗ್ತಾಳ. ಅಷ್ಟೇ ಇತ್ತು ತಲಿಯಾಗ.

ಆಮ್ಯಾಲೆ ಈ ಫೋನು. ಗೂಡಿನಾಗ ಇಟ್ಟಿದ್ದೆ. ಪಿಂಡ ಕಟ್ಲಿಕ್ಕೆ ಕೂತಿದ್ದೆ. ಬಡಕೊಂತು, ನಿಂತಿತು. ಮತ್ತ ಬಡಕೊಂತು. ಯಾರೂ ಎತ್ತಲಿಲ್ಲ.

ಹಂಗ್ಯಾಕ ನೋಡ್ತಿ?

ಕಾಕು ಎತ್ತಿರಬೇಕು. ಆಕಿ ಮಡಿಯಾಗ ಇರಲಿಲ್ಲ, ಪಡಸಾಲಿಯಾಗ ಹೂಬತ್ತಿ ಹೊಸೀತಿದ್ಲು. ಆಕಿ ಏನಾರ ತಿಳೀದ ಅಂದಿದ್ರ...

ಇಲ್ಲ. ಆಕಿ ಎತ್ತಲಿಲ್ಲ. ಪಾಪ, ಆಕಿ ಮ್ಯಾಲೆ ಯಾಕ ಹಾಕ್ಲಿ.

ಇರು, ಅಂಗಿ ಹಾಕ್ಕೋತೀನಿ. ಹೋಗೂಣು. ನಾ ಖುದ್ದು ನಿಂತು ಹೇಳಿದ್ರ ಮುಗೀತು. ಆ ಇನ್ಸ್‌ಪೆಕ್ಟರ್ ಕೆಟ್ಟಾಂವ ಅಲ್ಲ. 'ಯಜಮಾನ್ರ, ಗಾಬರಿ ಆಗಬ್ಯಾಡ್ರಿ, ನಮ್ಮ ಮನಿಯಾಗ ಇದ್ದ ಅಂತ ನೀವೊಂದು ಮಾತು ಅಂದ್ರ ಕೆಲಸ ಹಗುರ ಆಕ್ಕೈತಿ' ಅಂತ ಎಷ್ಟು ಮರ್ಯಾದಿಲೆ...

...

ಇದನ್ನ ನೀ ಮೆಸೇಜಿನಾಗ ಬರದಿಲ್ಲ. ಅಲ್ಲಾ?

ಅಂಗಿ ಉಲ್ಟಾ ಹಾಕ್ಕೊಂಡೀನಿ ನೋಡು.

ಬೈಯಿ, ವಾಣಿ. ನಿಮ್ಮವ್ವ ಇದ್ದಿದ್ರ ಬೈತಿದ್ಲು. ವರ್ಷದಾಗ ಆಡೋವಷ್ಟು ಮಾತು ಇವತ್ತು ನಾನೊಬ್ಬನೇ ಆಡೀನಿ, ನೀ ಒಂದಕ್ಕೂ ಹ್ಞೂಂ ಅನ್ನವಲ್ಲಿ.

ಆಕಿ ಗೂಡಿಗೆ ಕೈ ಚಾಚಿದ್ಲು. ಕಾಕು. ಆಕಿ ಎತ್ತಿ, ಆ ಕಡಿಯಿಂದ ಪೊಲೀಸು ಅಂತ, ಶ್ರೀಲಂಕಾ ಅಂತ ಕೇಳಿದ್ರ... ಎದ್ದುಬಿಟ್ಟೆ. ಆಕಿಗಿಂತ ಮೊದಲು ಎತ್ತಿಕೊಂಡು ಬಚ್ಚಲಕ್ಕ ಹೋದೆ. ಬಾಗಿಲು ಹಾಕಿದೆ. ಅಂಥಾವ್ರು ಯಾರೂ ನಮ್ಮ ಮನಿಗೆ ಬಂದಿಲ್ಲ ಅಂದೆ. ತಿರುಗಿ ಬಂದು, ಫೋನ್ ಮುಟ್ಟಿದ್ದಕ್ಕ ಮತ್ತ ನೀರು ಹಾಕ್ಕೊಂಡೆ ಅಂತ ಆಚಾರ್ರಿಗೆ ಹೇಳಿದೆ. ಹಾಕ್ಕೊಂಡಿರಲಿಲ್ಲ. ತಂಬಿಗಿ ಎತ್ತಲಿಕ್ಕೆ ಆಗ್ಲಿಲ್ಲ. ಪಂಜಿ ಮೊದಲೇ ಒದ್ದಿ ಇತ್ತಲ್ಲ, ಯಾರಿಗೂ ತಿಳೀಲಿಲ್ಲ. ಅದೇ ಕೈಲೆ ಪಿಂಡ ಇಟ್ಟೆ. ಹೊಲಸು ಕೈಲೆ ನಿಮ್ಮವ್ವಗ ಉಣಿಸಿದೆ.

ಕಾಕು ಬಾಗಿಲಿಗೆ ಬಂದು ನಿಂತಾಳ. ನಿಲ್ಲಲಿ. ಕೇಳ್ಕೊಳ್ಳಿ. ವಿಜಯಾ, ಹುಡುಗ ಕುಂಭಕೋಣದಾಂವ ಅಲ್ಲ. ಶ್ರೀಲಂಕಾದಾಂವ. ಈಗ ಬಳ್ಳಾರಿಯಾಗ ಪೊಲೀಸರ ಮುಂದ ಕೂತಾನ. ನಾ ಅವನ್ನ ಬಿಡಿಸಿಕೊಂಡು ಬರ್ಲಿಕ್ಕೆ ಹೊಂಟೀನಿ.

ಆತು. ಹೇಳಿದೆ. ಈಗರ ನಡಿ.

ಯಾಕ ನಿಂತಿ? ಇನ್ನೇನದ? ಎಲ್ಲಾ ಹೇಳಿದೆನಲ್ಲ...

ವಾಣಿ.

ಆ ಫೋನ್ ನಿನ್ನ ಕೈಯಾಗ ಕೊಟ್ಟಿದ್ರೇನು?

'ಮಗಳು ಇಲ್ಲೇ ಬಾಜೂಕ ಅದಾರ್ರಿ, ಅವ್ರ ಸಂಗಾಟ ಮಾತಾಡ್ರಿ' ಅಂದ ಆ ಇನ್ಸ್‌ಪೆಕ್ಟರ್. ಆಮ್ಯಾಲೆ ನೀ 'ಅಪ್ಪಾ' ಅಂದಿ. ಒಂದೇ ಸಲ.

ಲೈನ್ ಕಟ್ಟಾತು ಅಂತ ತಿಳ್ಕೊಂಡಿರಬೇಕು ನೀ. ಇಲ್ಲಾ, ತಿಳ್ಕೊಂಡಿಲ್ಲ. ಅದಕ್ಕೇ ಹಿಂಗ ನಿಂತಿ.

ಕೇಳಿಸಿತ್ತು. ಕೇಳಿಸಿದ ಮ್ಯಾಲೇನೇ ಫೋನ್ ಇಟ್ಟೆ.