ಬೆಳಗಿನ ಮೊದಲ ಟೋಕನ್

ಮಾನ್ಯ ಅಧ್ಯಕ್ಷೆಯವರೇ, ಮುಖ್ಯ ಅತಿಥಿಗಳೇ, ಇಂದಿನ ಸನ್ಮಾನಿತರೇ, ಹಾಗೂ ಈ ಕೋಣೆಯಲ್ಲಿ ಕಿಕ್ಕಿರಿದು ನೆರೆದಿರುವ ಸಭಿಕರೇ,

ಈ ನಾಲ್ಕೂ ಸ್ಥಾನಗಳನ್ನು ಮೂರು ದಿಂಬಿಗೆ ಒರಗಿಕೊಂಡು ಒಬ್ಬಳೇ ತುಂಬಿರುವ ನನ್ನ ತಂಗಿಗೆ ಮೊದಲ ವಂದನೆ. ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದು ತಾವು ಇಂದು ಮನೆಗೆ ದಯಮಾಡಿಸಿದ್ದೀರಿ. ಉಸಿರಾಟಕ್ಕೆಂದು ಗಂಟಲಿಗೆ ಇಳಿಸಿದ್ದ ನಳಿಕೆ ತೆಗೆದು ವಾರವಾಯಿತು. ಆದರೂ ಇನ್ನು ಮೂರು ದಿನ ಮಾತಾಡಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಹುಟ್ಟಿದಾಗಿನಿಂದ ನನ್ನ ಒಂದು ವಾಕ್ಯವನ್ನೂ ಪೂರ್ತಿಯಾಗಲು ಬಿಡದವರು ಇಂದು ಬಾಯಿ ಮುಚ್ಚಿ ಕೂತಿದ್ದೀರಿ. ಇಂಥ ಸಭೆ ಯಾವ ಭಾಷಣಕಾರ್ತಿಗೆ ಸಿಕ್ಕೀತು?

ಸಭಿಕರೇ, ನಮ್ಮಿಬ್ಬರಿಗೂ ಇರುವುದು ಒಂದೇ ಕಾಯಿಲೆ. ದುಡಿದಷ್ಟೂ ಸ್ನಾಯು ಸೋಲುವ ಕಾಯಿಲೆ. ಬೆಳಿಗ್ಗೆ ಹುಲಿ, ಸಂಜೆ ಇಲಿ. ವ್ಯತ್ಯಾಸವಿಷ್ಟೇ: ನನ್ನದಕ್ಕೆ ಹೆಸರು ಸಿಗಲು ಒಂಬತ್ತು ವರ್ಷ ಬೇಕಾಯಿತು, ತಮ್ಮದಕ್ಕೆ ಒಂದು ಸಂಜೆ ಸಾಕಾಯಿತು.

ಮುದ್ರಣಾಲಯದಲ್ಲಿ ಕರಡು ತಿದ್ದುವ ನನಗೆ ನಾಲ್ಕು ಗಂಟೆಯಾದರೆ ಒಂದು ಸಾಲು ಎರಡಾಗಿ ಕಾಣುತ್ತಿತ್ತು, ರೆಪ್ಪೆ ಜಾರುತ್ತಿತ್ತು. "ಮೇಡಂ, ಒಂದು ಚಾಪೆ ತರಿಸ್ಲಾ?" ಎನ್ನುತ್ತಿದ್ದರು ಯಜಮಾನರು. ಮನೆಗೆ ಬಂದರೆ ಮೆಟ್ಟಿಲ ನಡುವೆ ಕೂತುಬಿಡುತ್ತಿದ್ದೆ. ಆಗ ತಾವು ಅಮ್ಮನಿಗೆ ಹೇಳಿದ್ದು ನೆನಪಿದೆಯೇ? "ಕೆಲ್ಸ ಅಂದ್ರೆ ಸುಸ್ತು, ಕತೆಪುಸ್ತಕ ಅಂದ್ರೆ ಮಸ್ತು. ಅಕ್ಕಂದು ಬರೀ ನಾಟಕ ಅಮ್ಮಾ!" ಪ್ರಾಸ ಚೆನ್ನಾಗಿತ್ತು, ಒಪ್ಪುತ್ತೇನೆ.

ಡಾಕ್ಟರ ಬಳಿ ಹೋಗುವುದರಲ್ಲಂತೂ ನನ್ನಷ್ಟು ಶಿಸ್ತು ಯಾರಿಗಿತ್ತು? ಹಿಂದಿನ ದಿನ ರಜೆ ಹಾಕಿ, ಚೆನ್ನಾಗಿ ಮಲಗೆದ್ದು, ಇಸ್ತ್ರಿಯ ಬಟ್ಟೆ ಉಟ್ಟು, ಬೆಳಗಿನ ಮೊದಲ ಟೋಕನ್ ಹಿಡಿಯುತ್ತಿದ್ದೆ. ಕೈ ಎತ್ತಿ ಎಂದರು, ಎತ್ತಿದೆ. ಕಣ್ಣು ಬಿಡಿ ಎಂದರು, ಬಿಟ್ಟೆ. ಹುಲಿಯನ್ನು ಕರೆದೊಯ್ದು ಇಲಿಯ ಕಾಯಿಲೆ ಹೇಳಿದರೆ ಯಾರು ನಂಬುತ್ತಾರೆ? ಒಬ್ಬರು ಕೇಳಿದರು, "ಮದುವೆ ಆಗಿದೆಯಾ? ಇಲ್ವಾ? ಹಾಗಾದ್ರೆ ಅದೇ." ಇನ್ನೊಬ್ಬರು ಇದೆಲ್ಲ ಮನಸ್ಸಿನದು ಎಂದು ನಿದ್ದೆಮಾತ್ರೆ ಬರೆದರು. ಜಾರುವ ರೆಪ್ಪೆಗೆ ನಿದ್ದೆಮಾತ್ರೆ, ಸಭಿಕರೇ! ಒಂಬತ್ತು ವರ್ಷದಲ್ಲಿ ಆರು ಡಾಕ್ಟರು. ಆರೂ ಬಾರಿ ಮೊದಲ ಟೋಕನ್.

ತಾವೋ! ಬಟ್ಟೆ ಅಂಗಡಿಯಲ್ಲಿ ದಿನವಿಡೀ ಥಾನು ಬಿಚ್ಚಿ ಮಡಿಸಿ, ಜನ್ಮದಲ್ಲಿ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗದ ತಾವು, ಸಂಜೆ ಏಳೂವರೆಗೆ, ಕಣ್ಣಿನ ಡಾಕ್ಟರು ಬಾಗಿಲು ಹಾಕುವಾಗ ಹೋಗಿ ನುಗ್ಗಿದಿರಿ. ಅದೂ ಕನ್ನಡಕ ಬದಲಿಸಲು! "ದಾರಿ ಎರಡೆರಡು ಕಾಣ್ತಿದೆ, ಕೈ ಹಿಡ್ಕೋ ಅಕ್ಕಾ" ಎಂದು ನನ್ನನ್ನೂ ಎಳೆದೊಯ್ದಿರಿ. ಮೇಲೆ ನೋಡುತ್ತಲೇ ಇರಿ ಎಂದರು ಡಾಕ್ಟರು. ಒಂದೇ ನಿಮಿಷ, ರೆಪ್ಪೆ ಪರದೆಯ ಹಾಗೆ ಇಳಿಯಿತು. ನರ್ಸಮ್ಮ ತಂದುಕೊಟ್ಟ ಐಸನ್ನು ಅದರ ಮೇಲಿಟ್ಟರು. ಎರಡು ನಿಮಿಷಕ್ಕೆ ಮತ್ತೆ ಏರಿತು. ಡಾಕ್ಟರು ಕುರ್ಚಿ ಬಿಟ್ಟು ಎದ್ದು ನಿಂತರು. ನನಗಾಗಿ ಯಾವ ಡಾಕ್ಟರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ, ಸಭಿಕರೇ. ಯಾರೂ ಎದ್ದಿರಲಿಲ್ಲ.

"ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?" ಎಂದು ಕೇಳಿದರು. ತಾವು ನನ್ನತ್ತ ಬೆರಳು ತೋರಿಸಿದಿರಿ. ಹಾಗೆ ನನ್ನ ಒಂಬತ್ತು ವರ್ಷಗಳು ತಮ್ಮ ಚೀಟಿಯ ಹಿಂಬದಿಯಲ್ಲಿ ಒಂದೂವರೆ ಸಾಲಾದವು. ಸಂತೋಷವಾಗಬೇಕಿತ್ತಲ್ಲವೇ? ಹೊಟ್ಟೆ ಉರಿಯಿತು. ಎರಡೇ ದಿನದಲ್ಲಿ ತಮಗೆ ಉಸಿರು ಸಿಕ್ಕಿಕೊಂಡಿತು. ಗಾಜಿನಾಚೆ ಯಂತ್ರ ತಮಗಾಗಿ ಉಸಿರಾಡುತ್ತಿತ್ತು. ಈಚೆ ನಿಂತು ನಾನು, ಇವಳದನ್ನು ಇನ್ನು ಯಾರೂ ನಾಟಕ ಅನ್ನುವುದಿಲ್ಲ ಎಂದುಕೊಂಡೆ. ಸೋದರಮಾವ ಬಂದು ತಮಗಾಗಿ ಅತ್ತರು. ನನ್ನನ್ನು ನೋಡಿ, "ನಿಂಗೂ ಇದೆಯಂತೆ?" ಎಂದರು, ಬಸ್ ಟಿಕೆಟ್ ವಿಚಾರಿಸುವ ಹಾಗೆ.

ಇರಲಿ. ಐಸ್ ತಂದುಕೊಟ್ಟ ನರ್ಸಮ್ಮನಿಗೂ, ಮಾತಾಡದೆ ಆಲಿಸಿದ ತಮಗೂ ಕೃತಜ್ಞತೆಗಳು. ನಮಸ್ಕಾರ.

ಏಳಬೇಡ. ಕೂತಿರು. ನಿನ್ನೆ ವಾರ್ಡಿನಲ್ಲಿ ನೀನು ಕಾಗದದ ಮೇಲೆ ಬರೆದು ಎಲ್ಲರಿಗೂ ತೋರಿಸಿದೆಯಲ್ಲ, "ಅಕ್ಕನಿಗೆ ಗೊತ್ತಾಗಿದ್ರೆ ಆಗಲೇ ಹೇಳ್ತಿದ್ಲು" ಅಂತ? ನಾಲ್ಕು ತಿಂಗಳ ಹಿಂದೆ ನೀನು ಕನ್ನಡಿ ಮುಂದೆ ತಲೆ ಬಾಚಲಾಗದೆ ನಿಂತು, "ಅಕ್ಕಾ, ನಿಂಗೂ ಹೀಗೇ ಕೈ ಬೀಳ್ತಿತ್ತಾ?" ಅಂತ ಕೇಳಿದ್ದೆ. ಇಲ್ಲ, ನಿಂದು ಬರೀ ಸೋಮಾರಿತನ ಅಂದೆ ನಾನು. ನನಗೆ ಗೊತ್ತಿತ್ತು ಕಣೇ. ಆ ಕೈ ನೋಡಿದ ಕ್ಷಣವೇ ನಂದೇ ನಿನಗೂ ಬಂದಿದೆ ಅಂತ ಗೊತ್ತಾಗಿತ್ತು. ನೀನೂ ಒಂಬತ್ತು ವರ್ಷ ಅಲೆಯಲಿ ಅಂತಲೇ ಹಾಗಂದೆ.