ಸ್ಟ್ಯಾನಿ ಮತ್ತೆ ಹಾಡದ ಹಾಡು

ಇಲ್ಲ ಬೆಟ್ಟಿ, ಚಾ ಬೇಡ. ನೀನು ಏಳಬೇಡ, ಮೀನು ಕ್ಲೀನ್ ಮಾಡ್ತಾ ಇರು. ನಾನು ಇಲ್ಲೇ ಸ್ಟೂಲಿನಲ್ಲಿ ಕೂರ್ತೇನೆ... ಗೊತ್ತುಂಟು ಮಾರಾಯ್ತಿ, ಸ್ಟ್ಯಾನಿ ಸಬ್ಹಾನಿನ ಫ್ಯಾಕ್ಟರಿಗೆ ಡ್ಯೂಟಿಗೆ ಹೋಗಿದ್ದಾನೆ ಅಂತ ಗೊತ್ತಿದ್ದೇ ಬಂದದ್ದು. ಅವನ ಎದುರು ಈ ಮಾತು ಆಗುವುದಿಲ್ಲ. ಆ ಹಾಡಿನ ಹೆಸರು ತೆಗೆದರೆ ಸಾಕು, ಎದ್ದು ಬಾಲ್ಕನಿಗೆ ಹೋಗಿ ನಿಲ್ತಾನೆ.

ಹೌದು, ಅದೇ ವಿಷಯ. ಯಾಕೆ ನಗ್ತೀ? ಮತ್ತೆ ನಾನು ಬೇರೆ ಎಂತದಕ್ಕೆ ಬರ್ತೇನೆ ಅಂತಲಾ... ಅದೂ ಸರಿಯೇ.

ನೋಡು, ಮುಂದಿನ ತಿಂಗಳು ಪ್ರೋಗ್ರಾಂ. 'ಪಾಟ್ಲೆಂ ದಾರ್' ಹಾಡಿಗೆ ಇಪ್ಪತ್ತು ವರ್ಷ. ಸಂಗೀತ ಮಾಡಿದ ಈ ಲಿಗೋರಿಗೆ, ಅಂದರೆ ನನಗೆ, ಒಂದು ಶಾಲು, ಹಾಡಿದ ಸ್ಟ್ಯಾನಿಗೆ ಒಂದು ಶಾಲು. ನನಗೆ ಶಾಲು ಬೇಡ. ಅವನು ಸ್ಟೇಜಿನಲ್ಲಿ ನಿಂತು ಒಮ್ಮೆ ಹಾಡಬೇಕು, ಅಷ್ಟೆ. ನೀನು ಒಂದು ಮಾತು ಹೇಳಿದರೆ ಇಲ್ಲ ಅನ್ನಲಿಕ್ಕಿಲ್ಲ ಅವನು.

ನಿನಗೂ ಹಾಡಲಿಲ್ಲವಾ? ಒಮ್ಮೆಯೂ? ಮದುವೆ ಆಗಿ ಇಷ್ಟು ವರ್ಷದಲ್ಲಿ...

ನಿನ್ನ ಮೇಲೆ ಕಟ್ಟಿದ ಹಾಡಲ್ವಾ ಅದು. ಎದುರುಬಾಗಿಲಲ್ಲಿ ನಿನ್ನ ಡ್ಯಾಡಿ ಪೇಪರ್ ಹಿಡಿದುಕೊಂಡು ಕಾವಲು ಕೂರ್ತಿದ್ದರಂತೆ, ಇವನು ಹಿಂಬಾಗಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ನಿನ್ನನ್ನು ಕಾಯ್ತಿದ್ದನಂತೆ. ಆ ಹಿಂಬಾಗಿಲನ್ನೇ 'ಪಾಟ್ಲೆಂ ದಾರ್' ಅಂತ ಬರೆದ ಪುಣ್ಯಾತ್ಮ. ನೀನು ಕೆಂಪಾಗುವುದು ಇನ್ನೂ ಬಿಡಲಿಲ್ಲ ನೋಡು.

ಆಗ ನಮ್ಮವರಿಗೆ ಹಾಡು ಅಂದರೆ ಬಾಯ್ಲಾ. ಮದುವೆಯಲ್ಲಿ ಕುಣಿಯಬೇಕು, ಬೆವರಬೇಕು, ಮುಗಿಯಿತು. ನನ್ನ ಆಫೀಸಿನಲ್ಲಿ ಒಬ್ಬ ಲೆಬನಾನಿನವನಿದ್ದ, ಅವನು ನನಗೆ ಸೋಲ್ ಹಾಡಿನ ಸಿಡಿ ಕೊಟ್ಟ. ಅಮೆರಿಕದ ಕಪ್ಪು ಜನರ ಹಾಡು. ಇಗರ್ಜಿಯಲ್ಲಿ ದೇವರನ್ನು ಹೇಗೆ ಕರೀತಾರೋ, ಅದೇ ಸ್ವರದಲ್ಲಿ ಹುಡುಗಿಯನ್ನು ಕರೆಯುವುದು. ಕೇಳಿ ತಲೆಕೆಟ್ಟು ಹೋಯಿತು ನನಗೆ. ಕೊಂಕಣಿಯಲ್ಲಿ ಯಾಕಾಗಬಾರದು ಇದು? ಆರ್ಗನ್ ನಾನು, ಬೇಸ್ ಗಿಟಾರ್ ರೂಬೆನ್, ಮತ್ತೆ ಸ್ಟ್ಯಾನಿಯ ಗಂಟಲು. ಮತ್ತೇನೂ ಬೇಡ ಅಂತ.

ಇಲ್ಲೇ ಕುವೈಟಿನಲ್ಲೇ, ಮೈದಾನ್ ಹವಲ್ಲಿಯಲ್ಲಿ, ನನ್ನ ಹಳೇ ಫ್ಲ್ಯಾಟಿನಲ್ಲಿ ಮಾಡಿದ್ದು. ಬೆಡ್‌ರೂಮಿನ ಗೋಡೆಗೆ ಹಾಸಿಗೆ ಒರಗಿಸಿಟ್ಟರೆ ಅದೇ ಸ್ಟುಡಿಯೋ. ಜುಲೈ ತಿಂಗಳ ಶುಕ್ರವಾರ, ಇಲ್ಲಿಯ ಸುಡುವ ಸೆಕೆ, ಅದರ ಮೇಲೆ ಏಸಿ ಬಂದ್, ಯಾಕೆಂದರೆ ಏಸಿಯ ಸದ್ದು ಮೈಕಿಗೆ ಹೋಗ್ತದೆ. ರೂಬೆನ್ ಬನಿಯನಿನಲ್ಲಿ ಕೂತಿದ್ದ. ಊರಲ್ಲಿ ಯಾರಿಗೂ ಹೇಳಬಾರದು ಅಂತ ಸ್ಟ್ಯಾನಿಯ ಕಟ್ಟಪ್ಪಣೆ. ಕ್ರಿಸ್ಮಸ್ಸಿಗೆ ಸಿಡಿ ಹಿಡಿದುಕೊಂಡು ಹೋಗಿ ಒಮ್ಮೆಲೇ ನಿನಗೂ ಅವನ ಅಮ್ಮನಿಗೂ ಕೇಳಿಸಬೇಕು ಅಂತ ಅವನ ಆಸೆ. ನಿನಗೂ ಹೇಳಿರಲಿಲ್ಲ ಅಲ್ವಾ? ಅದೇ. ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆಯಿಂದ ಹಾಡಿದ, ಪಾಪ. ತಾಳ ಸರಿ, ಶ್ರುತಿ ಸರಿ. ನನಗೆ ಮಾತ್ರ ಸಮಾಧಾನ ಇಲ್ಲ. ಜೀವ ಇಲ್ಲ ಅದರಲ್ಲಿ. ಇನ್ನೊಮ್ಮೆ, ಇನ್ನೊಮ್ಮೆ ಅಂತ ಪೀಡಿಸಿದೆ. ರೂಬೆನಿಗೆ ಸಿಟ್ಟು ಬಂತು. ಕೊನೆಗೆ ನಾನು, "ಚೆಂದ ಮಾಡಿ ಹಾಡಬೇಡ ಸ್ಟ್ಯಾನಿ, ಸುಮ್ಮನೆ ಕರೆ" ಅಂದೆ. ಅವನು ಕಣ್ಣು ಮುಚ್ಚಿದ. ಬಾಗಿಲು ತೆಗೆ ಅನ್ನುವ ಸಾಲಿಗೆ ಬರುವಾಗ ಸ್ವರ ಒಡೆಯಿತು. ದಣಿದಿದ್ದ, ಗಂಟಲು ಒಣಗಿತ್ತು, ಏನೋ ಒಂದು. ಜನ ಅದನ್ನು ಪ್ರೀತಿ ಅಂತಾರೆ. ಆ ಒಡಕನ್ನು ಕೇಳಲಿಕ್ಕೆಂದೇ ಇವತ್ತಿಗೂ ಆ ಹಾಡು ಹಾಕ್ತಾರೆ. ಎಷ್ಟು ಮದುವೆ ಆಯಿತು ಅದರಲ್ಲಿ. ಈಗ ಕೊಂಕಣಿ ಬಾರದ ಮಕ್ಕಳು ಇಂಗ್ಲಿಷಿನಲ್ಲಿ ಬರೆದುಕೊಂಡು ರೀಲ್ಸ್ ಮಾಡ್ತಾರೆ.

ನನ್ನ ವೆಲಿಟಾಳ ಮದುವೆಯಲ್ಲೂ ಮೊದಲ ಡ್ಯಾನ್ಸಿಗೆ ಅದನ್ನೇ ಹಾಕಿದ್ದು. ಮಗಳು ಕುಣಿಯುವಾಗ ಅಪ್ಪ ಮದುವೆ ಹಾಲ್‌ನ ಒಳಗೆ ಇರಬೇಕಲ್ವಾ? ನಾನು ಹೊರಗೆ ಪಾರ್ಕಿಂಗಿಗೆ ಹೋಗಿ ಕಾರಿಗೆ ಒರಗಿ ನಿಂತಿದ್ದೆ... ಯಾಕೆ ಅಂದರೆ, ಸೆಕೆ ಇತ್ತು. ಒಳಗೆ ತುಂಬ ಸೆಕೆ.

ರೆಕಾರ್ಡಿಂಗ್ ಆದ ದಿನವೇ ಆಂಟಿ ತೀರಿಹೋದದ್ದು, ನಿನಗೆ ಗೊತ್ತುಂಟಲ್ಲ. ಫ್ಲೋರಿನ್ ಆಂಟಿ. ಆ ಪುಣ್ಯಾತ್ಗಿತ್ತಿಗೆ ನಿನ್ನ ಅತ್ತೆ ಆಗಲಿಕ್ಕೇ ಪುರುಸೊತ್ತು ಸಿಗಲಿಲ್ಲ. ಅಲ್ಲಿ ಊರಲ್ಲಿ ಎದೆನೋವು ಅಂತ ಆಸ್ಪತ್ರೆಗೆ ಸೇರಿದ್ದಾರೆ, ಇಲ್ಲಿ ಮಗ ಹಾಡ್ತಾ ಇದ್ದಾನೆ. ಮೊಬೈಲ್ ಹತ್ತಿರ ಇದ್ದರೆ ಸ್ಪೀಕರಿನಲ್ಲಿ ಟಿಡಿಕ್ ಟಿಡಿಕ್ ಅಂತ ಬರ್ತಿತ್ತು ಆಗ. ಅದಕ್ಕೆ ಎಲ್ಲರೂ ಆಫ್ ಮಾಡಿ ಕಿಚನಿನಲ್ಲಿ ಇಡಿ ಅಂದಿದ್ದೆ. ಇವನೂ ಇಟ್ಟ. ಸಂಜೆ ಆನ್ ಮಾಡುವಾಗ ಅಲ್ಲಿ... ಖಲಾಸ್. ಯಾರ ತಪ್ಪು ಅಂತ ಹೇಳುವುದು?

ನಿನ್ನ ಹತ್ತಿರವೂ ಹಾಗೇ ಹೇಳಿದ್ದಾನಾ? ಫೋನ್ ತಾನೇ ಆಫ್ ಮಾಡಿದ್ದು ಅಂತ?

ಈಗಲೂ? ನಿದ್ದೆಯಿಂದ ಎದ್ದು ಫೋನ್ ಆನ್ ಉಂಟಾ ಅಂತ ನೋಡ್ತಾನಾ... ಇಗರ್ಜಿಗೆ ಹೋದರೂ ಸೈಲೆಂಟ್ ಮಾಡುವುದಿಲ್ಲವಾ...

ನನಗೆ ಗೊತ್ತಿರಲಿಲ್ಲ ಬೆಟ್ಟಿ. ದೇವರಾಣೆ, ಇದು ಗೊತ್ತಿರಲಿಲ್ಲ. ಅವನಿಗೆ ಆ ಹಾಡು ದುಃಖ ತರ್ತದೆ ಅಂತಷ್ಟೇ ಅಂದುಕೊಂಡಿದ್ದೆ.

ಅದಕ್ಕೇ ಹೇಳ್ತೇನೆ, ಒಮ್ಮೆ ಹಾಡಿಬಿಡಲಿ. ಎದೆಯಿಂದ ಒಂದು ಸಲ ಹೊರಗೆ ಬರಲಿ. ನೀನು ಹೇಳು ಅವನಿಗೆ, ಅವನ ಅಮ್ಮನಿಗೆ ಬೇಜಾರಿಲ್ಲ ಅಂತ ಹೇಳು. ನಾನು ಬಾಯಿಗೆ ಬಂದದ್ದು ಹೇಳ್ತಾ ಇಲ್ಲ. ಹಾಡಲಿ, ನಿಲ್ಲಿಸಬೇಡ ಅಂತಲೇ ಆಂಟಿ ಹೇಳಿದ್ದು. ಅವರಿಗೆ ಸಿಟ್ಟೇ ಇರಲಿಲ್ಲ...

ಕತ್ತಿ ಯಾಕೆ ಕೆಳಗಿಟ್ಟಿ?

ಯಾವಾಗ ಅಂದರೆ... ಮೊದಲು ಯಾವಾಗಲೋ. ಇವನು ಸಣ್ಣವನಿರುವಾಗ ಇಗರ್ಜಿಯ ಕೊಯರಿನಲ್ಲಿ... ಅಲ್ಲ, ನಾನು ಆಗ ಅವರ ಊರಿಗೆ ಹೋಗಿರಲಿಲ್ಲ. ಕುವೈಟಿಗೆ ಬಂದ ಮೇಲೇ ನಮಗೆ ಪರಿಚಯ, ಹೌದು. ಹಾಗಾದರೆ ಫೋನಿನಲ್ಲಿ ಯಾವಾಗಲೋ ಹೇಳಿರಬೇಕು... ರೆಕಾರ್ಡಿಂಗ್ ವಿಷಯ ಅವರಿಗೆ ಗೊತ್ತೇ ಇರಲಿಲ್ಲ, ಅದೂ ಹೌದು.

ನಲ್ಲಿ ನೀರು ಹೋಗ್ತಾ ಉಂಟು, ನಿಲ್ಲಿಸು.

ಬೆಟ್ಟಿ, ಬೈದುಬಿಡು. ಹಾಗೆ ನೋಡಬೇಡ ನನ್ನನ್ನು.

ಅವತ್ತು ರೆಕಾರ್ಡಿಂಗಿನ ನಡುವೆ ನೀರು ಕುಡಿಯಲಿಕ್ಕೆ ಕಿಚನಿಗೆ ಹೋಗಿದ್ದೆ. ಅವನ ಫೋನ್ ಹೊಡ್ಕೊಳ್ತಾ ಇತ್ತು. ಆಫ್ ಮಾಡಿದೆ ಅಂತ ಅಂದುಕೊಂಡಿದ್ದಾನೆ, ಬಟನ್ ಸರಿ ಒತ್ತಿರಲಿಲ್ಲ ಕಾಣ್ತದೆ. ನಾನು ಎತ್ತಿದೆ. ಆಂಟಿ. ಆಸ್ಪತ್ರೆಯ ನರ್ಸಿನ ಫೋನಿನಿಂದ ಮಾಡ್ತಾ ಇದ್ದೇನೆ ಅಂದರು. ಸ್ವರ ಎಷ್ಟು ಸಣ್ಣ ಆಗಿತ್ತು. "ಸ್ಟ್ಯಾನಿ ಉಂಟಾ ಮಗಾ? ಅವನ ಹತ್ತಿರ ಒಂದು ಮಾತಾಡಬೇಕಿತ್ತು" ಅಂದರು. ಹಾಡ್ತಾ ಇದ್ದಾನೆ ಆಂಟಿ, ರೆಕಾರ್ಡಿಂಗ್ ನಡೀತಾ ಉಂಟು ಅಂದೆ. ಅದಕ್ಕೆ ಅವರು, "ಹಾಡಲಿ, ನಿಲ್ಲಿಸಬೇಡ. ಮುಗಿದ ಕೂಡಲೇ ಇದೇ ನಂಬರಿಗೆ ಮಾಡಲಿಕ್ಕೆ ಹೇಳು, ನಾನು ಕಾಯ್ತೇನೆ" ಅಂದರು.

ಕರೆದಿದ್ದರೆ ಓಡಿ ಬರ್ತಿದ್ದ. ನಡುವೆ ಇದ್ದದ್ದು ಒಂದು ಬಾಗಿಲು. ಆದರೆ ಅಮ್ಮನ ಆ ಸ್ವರ ಕೇಳಿದರೆ ಮತ್ತೆ ಅವನು ಅವತ್ತು ಹಾಡ್ತಿರಲಿಲ್ಲ. ನನಗೆ ಗೊತ್ತಿತ್ತು. ನನಗೆ ಆ ಹಾಡು ಬೇಕಿತ್ತು ಬೆಟ್ಟಿ. ಇನ್ನೊಂದು ಸಲ ಹಾಡಿಸಿ ಹೇಳುವ ಅಂತ ಅಂದುಕೊಂಡೆ. ಆ ಸಲವೇ ಅವನ ಸ್ವರ ಒಡೆದದ್ದು. ಅದು ಸಿಕ್ಕಿದ ಮೇಲೆ, ಇನ್ನು ಕೊನೆಯ ಭಾಗ ಒಂದು ಆಗಿಬಿಡಲಿ ಅಂತ... ಹಾಗೇ ಸಂಜೆ ಆಯಿತು.

ಫೋನಾ?

ಆಫ್ ಮಾಡಿದ್ದು ನಾನು. ಅವರು ಪುನಃ ಮಾಡಿದರೆ ಅವನಿಗೆ ಕೇಳ್ತದೆ ಅಂತ, ಮಾತು ಮುಗಿದ ಕೂಡಲೇ ನಾನೇ ಆಫ್ ಮಾಡಿ ಇದ್ದಲ್ಲೇ ಇಟ್ಟೆ.

ಸುದ್ದಿ ಬಂದ ಮೇಲೆ ಅವನು ನನ್ನ ಕಿಚನಿನ ನೆಲದಲ್ಲಿ ಕೂತುಬಿಟ್ಟ. ಫೋನ್ ಕೈಯಲ್ಲೇ ಇತ್ತು. ನನ್ನ ಮುಖ ನೋಡಿ, "ನಾನೇ ಆಫ್ ಮಾಡಿದ್ದಲ್ವಾ ಲಿಗೋರಿ?" ಅಂತ ಕೇಳಿದ.

ನಾನು ಹೌದು ಅಂದೆ.